ಮೂರನೇ ದಿನದ ಗೋಡೆ

ಮಗಳು ಸಾಹೇಬರಾಗಿ ಕೂತಿದ್ದಾಳೆ
ರಾಗಿ ಡಬ್ಬದ ಮೇಲೆ, ಕಾಲ ಮೇಲೆ ಕಾಲು ಹಾಕಿ,
ಕಿವಿಗೆ ಸಿಕ್ಕಿಸಿದ ಪೆನ್ನು.
ನಾನು ಬಾಗಿಲಾಚೆ ನಿಂತು
ಒಳಗೆ ಬರಲೇ ಎಂದು ಕೇಳಬೇಕು,
ನನ್ನ ಮನೆಗೆ ನಾನೇ.

"ಹೆಸರು?"
ಮುನಿಚೌಡಮ್ಮ.
"ಗಟ್ಟಿಯಾಗಿ ಹೇಳಮ್ಮ, ಸಾಲ ಕೇಳೋರ ಥರ ಹೇಳ್ಬೇಡ."
ಮುನಿಚೌಡಮ್ಮ, ಪಿಳ್ಳಪ್ಪನ ಹೆಂಡತಿ, ಟೇಕಲ್ಲು.
"ಹೆಂಡತಿ ಗಿಂಡತಿ ಕೇಳಲ್ಲ ಅವರು.
ಕೆಲಸ ಏನು ಅಂತಾರೆ."

ಕೆಲಸ.
ಅಲ್ಲಿಗೆ ನಾಲಗೆ ಸಾರುವೆಯ ಅರ್ಧಕ್ಕೆ ಹತ್ತಿ ನಿಂತುಬಿಡುತ್ತದೆ.
ಹತ್ತೊಂಬತ್ತು ವರ್ಷ ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ
ನಾನು ಹೆಸರಲ್ಲ;
ಹೆಣ್ಣಾಳು ಮೂರು ಎಂದು ಬರೆದರೆ
ಆ ಮೂರರಲ್ಲಿ ಒಂದು.
ಬಾಂಡ್ಲಿ ತಲೆಗೆ, ತಲೆಯಿಂದ ಕೈಗೆ, ಕೈಯಿಂದ ಮೇಲಕ್ಕೆ.
ಮೇಲಿದ್ದವನು ಮೇಸ್ತ್ರಿ, ಕೆಳಗಿದ್ದವಳು ನಾನು,
ನಡುವೆ ಗಾರೆ ಮಾತ್ರ ಹೋಗುತ್ತಿತ್ತು.

ಆದರೆ ಮಧ್ಯಾಹ್ನಗಳಿದ್ದವು.
ಉಂಡು, ಬೀಡಿ ಸೇದಿ, ಖಾಲಿ ಚೀಲಗಳ ಮೇಲೆ
ಕದಿರಪ್ಪ ಮೇಸ್ತ್ರಿ ಗೊರಕೆ ಹೊಡೆಯುವಾಗ
ಕಲಸಿದ ಗಾರೆ ಕಾಯುವುದಿಲ್ಲವಲ್ಲ,
ಕರಣೆ ತೆಗೆದುಕೊಂಡೆ.
ಮೊದಲು ಮೋಟುಗೋಡೆ, ಆಮೇಲೆ ಸಂಪಿನ ಒಳಮೈ,
ಕೊನೆಗೆ ಮಾಲೂರಿನ ಬ್ಯಾಂಕಿನ ಹಿಂದುಗಡೆ
ಒಂದು ಇಡೀ ಗೋಡೆ, ಮೂಲೆಯಿಂದ ಮೂಲೆಗೆ.
ಎದ್ದವನು ಗುಂಡು ಇಳಿಬಿಟ್ಟು ನೋಡಿದ.
ದಾರ ಗೋಡೆಯನ್ನು ಮುಟ್ಟಲೂ ಇಲ್ಲ, ಬಿಡಲೂ ಇಲ್ಲ.
ಏನೂ ಅನ್ನಲಿಲ್ಲ.
ಸಂಜೆ ಕೂಲಿಯ ಜೊತೆ
ಎಲೆಯಡಿಕೆಗೆ ಅಂತ ಹತ್ತು ರೂಪಾಯಿ ಹೆಚ್ಚು ಕೊಟ್ಟ.

"ಅದನ್ನೇ ಹೇಳು!" ಮಗಳು ಡಬ್ಬದಿಂದ ಜಿಗಿಯುತ್ತಾಳೆ.
ಹೇಳಿದರೆ ಸಾಕ್ಷಿ ಯಾರು?
ಬ್ಯಾಂಕಿನವರು ಅದರ ಮೇಲೆ ಎರಡು ಸಲ ಬಣ್ಣ ಹೊಡೆಸಿದ್ದಾರೆ.
ಅವಳು ಹಾಳೆಯಲ್ಲಿ 'ಅನುಭವ' ಎಂದು ಬರೆದು,
ಮುಂದಿನದನ್ನು ಬರೆದು, ಹೊಡೆದು, ಮತ್ತೆ ಬರೆಯುತ್ತಾಳೆ.

ಕಂಪನಿ ನರಸಾಪುರದ ಹತ್ತಿರ.
ಫ್ಯಾಕ್ಟರಿ ಹುಡುಗಿಯರಿಗೆ ಹಾಸ್ಟೆಲ್ ಕಟ್ಟುತ್ತಾರಂತೆ, ಆರು ಅಂತಸ್ತು.
ಹೆಂಗಸರನ್ನೂ ಗಾರೆ ಕೆಲಸಕ್ಕೇ ತಗೋತಾರಂತೆ,
ಆಳಾಗಿ ಅಲ್ಲ. ಪಿಎಫ್ ಉಂಟಂತೆ, ಬೂಟು ಕೊಡುತ್ತಾರಂತೆ.
ಅಂತೆಗಳ ಮೇಲೆ ಗೋಡೆ ನಿಲ್ಲದು, ಗೊತ್ತು.
ಆದರೂ ಬಸ್ಸಿನ ದುಡ್ಡು ತೆಗೆದಿಟ್ಟಿದ್ದೇನೆ.

"ಇಟ್ಟಿಗೆ ಒಳ್ಳೇದೋ ಅಲ್ವೋ ಹೇಗೆ ಕಂಡುಹಿಡೀತೀರಿ?"
ಇದಕ್ಕೆ ಮಾತು ಬೇಕೇ?
ಗೂಡಿನ ಹೊಗೆಯಲ್ಲಿ ಕಣ್ಣುಬಿಟ್ಟವಳು ನಾನು.
ಹಿತ್ತಿಲಿಂದ ಎರಡು ತಂದು ತಾಗಿಸುತ್ತೇನೆ. ಠಣ್.
ಬೆಂದದ್ದು ಹಾಡುತ್ತದೆ, ಬೇಯದ್ದು ಕೆಮ್ಮುತ್ತದೆ.
ಮಗಳು ನಗುವುದಿಲ್ಲ, ಬರೆದುಕೊಳ್ಳುತ್ತಾಳೆ.

"ನಿಮ್ಮ ದೌರ್ಬಲ್ಯ?"
ಎಡ ಮೊಣಕಾಲು.
"ಅಯ್ಯೋ ಅಮ್ಮಾ, ಅದಲ್ಲ! ಅದನ್ನ ಹೇಳಲೇಬಾರದು.
ವಿಪರೀತ ಕೆಲಸ ಮಾಡೋದೇ ನನ್ನ ದೌರ್ಬಲ್ಯ ಅನ್ನಬೇಕು,
ಕಾಲೇಜಲ್ಲಿ ಹೇಳ್ಕೊಟ್ಟಿದಾರೆ."
ಅದನ್ನು ಕೇಳಿ ಮೂಲೆಯಲ್ಲಿ ಪಿಳ್ಳಪ್ಪ,
ಇಷ್ಟು ಹೊತ್ತು ಟೀವಿ ನೋಡುವವನಂತೆ ನೋಡದೆ ಕೂತಿದ್ದವನು,
ಪಕ್ಕನೆ ನಕ್ಕುಬಿಟ್ಟ.
ನಾನೂ.
ಆಮೇಲೆ ಎದ್ದು, ಯಾರಿಗೂ ಎರವಲು ಕೊಡದ ತನ್ನ ರಸಮಟ್ಟವನ್ನು
ನನ್ನ ಚಾಪೆಯ ಪಕ್ಕ ಇಟ್ಟು ಹೋದ.
ಅದರೊಳಗಿನ ಗುಳ್ಳೆ
ಸ್ವಲ್ಪ ಹೊತ್ತು ಆಚೀಚೆ ಓಡಾಡಿ,
ನಮ್ಮ ನೆಲ ಇಳಿಜಾರೆಂದು ತೋರಿಸಿ, ನಿಂತಿತು.

"ಕೊನೇ ಪ್ರಶ್ನೆ. ನಿಮ್ಮನ್ನೇ ಯಾಕೆ ತಗೋಬೇಕು?"
ಗೊತ್ತಿಲ್ಲ.
"ಯೋಚನೆ ಮಾಡು" ಅಂದವಳು
ಪೆನ್ನು ಕಿವಿಯಲ್ಲೇ ಇಟ್ಟುಕೊಂಡು ನಿದ್ದೆಹೋದಳು.

ನಾಲ್ಕೂವರೆಗೆ ಎದ್ದೆ.
ಉಗುರುಸಂದಿಯ ಸಿಮೆಂಟು ನಿಂಬೆಹೋಳಿಗೂ ಹೋಗಲಿಲ್ಲ.
ಆಧಾರು, ಏಳನೇ ಕ್ಲಾಸಿನ ಟೀಸಿ, ಎರಡು ಫೋಟೊ.
ಕರಣೆಯನ್ನು ಹಳೇ ರವಿಕೆಯಲ್ಲಿ ಸುತ್ತಿ ಚೀಲಕ್ಕಿಟ್ಟೆ.
ತರಬೇಕೆಂದು ಯಾರೂ ಹೇಳಿರಲಿಲ್ಲ.

ಏಳಕ್ಕೆ ಬಸ್ಸು.
ಪಕ್ಕದ ಬೀದಿಯಲ್ಲಿ ಗೌಸಿಯಾ ಅವರ ಹೊಸ ಗೋಡೆ,
ಮೊನ್ನೆ ಗಿಲಾವು ಮಾಡಿದ್ದು, ಇವತ್ತಿಗೆ ಮೂರನೇ ದಿನ.
ಕದಿರಪ್ಪ ಎಂಟಕ್ಕೆ ಮುಂಚೆ ಬರುವವನಲ್ಲ,
ಬಂದರೂ ನೆನಪಾಗುವ ಹೊತ್ತಿಗೆ ಬಿಸಿಲು ಏರಿರುತ್ತದೆ.
ಒಳ್ಳೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು
ಬಿಂದಿಗೆ ಹಿಡಿದು ಹೊರಟೆ.
ಕತ್ತಲಲ್ಲಿ ನೀರು ಎರಚಿದರೆ
ಗೋಡೆ ಕುಡಿಯುವ ಸದ್ದು ಕೇಳುತ್ತದೆ.
ಇನ್ನೂ ಎರಡು ಬಿಂದಿಗೆ ಬೇಕು.