ನೂಲಿಲ್ಲದ ಬಲೆ

"ಅಲೆ ನಿಲ್ಲುತ್ತದಾ?" ನಕ್ಕರು ದೂಮಣ್ಣ ಮಾವ,
ಬೆಂಗ್ರೆಯ ಜಗಲಿಯಲ್ಲಿ, ಕಾಲ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು.
"ನಿಂತರೆ ಅದು ಅಲೆ ಹೇಗಾಯಿತು ಮಾರಾಯ್ತಿ,
ನಿಂತದ್ದು ಕೆರೆ."

ಹೇಳಿ ಮುಗಿಯುವ ಮಾತಲ್ಲ ಎಂದು
ಶನಿವಾರ ಕರೆದುಕೊಂಡು ಹೋದೆ ಸುರತ್ಕಲ್ಲಿನ ಲ್ಯಾಬಿಗೆ,
ಫೆರಿ ದಾಟಿ, ಸಿಟಿ ಬಸ್ಸಿನಲ್ಲಿ.
ಮಡಿಲಲ್ಲಿ ಐದು ಲೀಟರಿನ ಎಣ್ಣೆ ಕ್ಯಾನು:
ಧಕ್ಕೆಯ ನೀರು ತುಂಬಿಸಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಬಿಗಿದಿದ್ದರು.
"ನಿನ್ನ ಮಿಷನ್ನಿಗೆ ನಿಜದ ಕೊಳೆ ಬೇಡವಾ?"

ಮಿಷನ್ ಅಂದರೆ ಇಷ್ಟೇ:
ಹೆಬ್ಬೆರಳಿನಷ್ಟು ಅಗಲದ ಚೌಕ ಗಾಜಿನ ಕೊಳವೆ,
ಬದಿಗೆ ಅಂಟಿಸಿದ ನಾಲ್ಕಾಣೆಯಷ್ಟು ಪಿಂಗಾಣಿ ಬಿಲ್ಲೆ,
ಎದುರಿಗೆ ಗಾಜಿನದೇ ಗೋಡೆ.
ಬಿಲ್ಲೆ ಸೆಕೆಂಡಿಗೆ ಇಪ್ಪತ್ತು ಲಕ್ಷ ಸಲ ನಡುಗುತ್ತದೆ.
ಹೋದ ಸದ್ದು ಗೋಡೆಗೆ ಬಡಿದು ಬರುವಾಗ
ಹೊರಟ ಸದ್ದೇ ಎದುರಾಗುತ್ತದೆ.
ಆಮೇಲೆ ಎರಡೂ ಎಲ್ಲಿಗೂ ಹೋಗುವುದಿಲ್ಲ,
ನಿಂತಲ್ಲೇ ಏರುತ್ತವೆ, ನಿಂತಲ್ಲೇ ಇಳಿಯುತ್ತವೆ.
ನಡುನಡುವೆ, ಸಾಸಿವೆಕಾಳು ಹಿಡಿಸದಷ್ಟು ಅಂತರಕ್ಕೊಂದು,
ಒತ್ತಡ ಮುಟ್ಟದ ಜಾಗ.
ನೀರಿನಲ್ಲಿ ಅಲೆಯುವ ಹುಡಿಯೆಲ್ಲ ಜರುಗಿ ಜರುಗಿ
ಅಲ್ಲಿ ಬಂದು ಕೂರುತ್ತದೆ.

"ಎಲ್ಲುಂಟು ನೂಲು? ಎಲ್ಲುಂಟು ಕಣ್ಣು?"
ಬಲೆ ಹೆಣೆಯುವವರಿಗೆ ಕಣ್ಣೇ ಲೆಕ್ಕ:
ಬಂಗುಡೆಗೊಂದು, ಅಂಜಲ್‌ಗೊಂದು, ಸಿಗಡಿಗೆ ಬೇರೆ.
ನೂಲಿಲ್ಲ ಮಾವ. ಸದ್ದೇ.
ಅವರು ಬೋಟಿನ ಎಂಜಿನ್ನಿಗೆ ಕೊಡದೆ ಉಳಿಸಿಕೊಂಡ ಬಲಗಿವಿಯನ್ನು
ಗಾಜಿಗೆ ಒತ್ತಿ ತುಂಬ ಹೊತ್ತು ಇದ್ದರು.
"ಇದೂ ಹೋಯಿತಾ?"
ನನಗೂ ಕೇಳುವುದಿಲ್ಲ, ಎಂದೆ. ನಾಯಿಗೂ ಇಲ್ಲ, ಬಾವಲಿಗೂ ಇಲ್ಲ.
ಆಗ ಸಮಾಧಾನವಾಯಿತು ಅವರಿಗೆ.

ಧಕ್ಕೆಯ ನೀರು ಬಿಟ್ಟೆವು.
ಡೀಸೆಲ್ಲಿನ ಬಣ್ಣ, ಮೀನಿನ ಹುಡಿ, ಗುರುಪುರ ಹೊಳೆಯ ಕೆಂಪು,
ಬಕೆಟ್ಟಿನಲ್ಲಿಟ್ಟರೆ ಎಂಟು ದಿನವಾದರೂ ತಿಳಿಯಾಗದ ನೀರು.
ಸ್ವಿಚ್ ಹಾಕಿದೆ. ಏನಿಲ್ಲ.
ಮಧ್ಯಾಹ್ನದ ಸೆಕೆ, ಎಸಿ ಕೆಟ್ಟು ಒಂದು ವಾರ.
ನೀರು ಕಾದಷ್ಟೂ ಅಲೆಯ ಉದ್ದ ಬದಲಾಗಿ
ಬೆಳಿಗ್ಗೆ ಬರೆದಿಟ್ಟ ಅಂಕಿ ಊಟದ ಹೊತ್ತಿಗೆ ಸುಳ್ಳು.
ನಾನು ನೋಟ್‌ಬುಕ್ ತಿರುವುತ್ತಿದ್ದೆ.

"ನೀರು ಬಿಸಿಯಾದರೆ ಮೀನು ಜಾಗ ಬಿಡುತ್ತದೆ,
ನಿನ್ನೆ ಸಿಕ್ಕಿದಲ್ಲೇ ಇವತ್ತೂ ಹುಡುಕುವವ ಬೆಪ್ಪ."
ಹೇಳುತ್ತಲೇ ಗುಂಡಿಗೆ ಕೈ ಹಾಕಿದ್ದರು.
ಅಂಕಿ ನೋಡಲಿಲ್ಲ. ನೀರನ್ನೇ ನೋಡುತ್ತ
ಒಂದು ಕೂದಲು ಮುಂದೆ, ಅರ್ಧ ಕೂದಲು ಹಿಂದೆ,
ಇನ್ನೂ ಅರ್ಧ

ಗೆರೆ.
ಒಂದಲ್ಲ, ಐವತ್ತು, ಮೇಲಿಂದ ಕೆಳಗೆ,
ಹೊಸ ಪಂಚೆಯ ಅಂಚಿನ ಹಾಗೆ ಕೆಂಪು ಗೆರೆ,
ಗೆರೆಗೂ ಗೆರೆಗೂ ನಡುವೆ ಬರೀ ನೀರು.
ಎಣ್ಣೆಯ ಹನಿಗಳು ಮಾತ್ರ ಆ ಸಾಲಿಗೆ ಬರಲಿಲ್ಲ,
ಗದ್ದಲ ಜಾಸ್ತಿ ಇರುವಲ್ಲೇ ಹೋಗಿ ಕೂತವು.
"ಅವು ನಮ್ಮ ಮೀನುಪೇಟೆಯವು," ಅಂದರು ಮಾವ.

ಸ್ವಿಚ್ ಆರಿಸಿದೆ.
ಒಂಟಿಯಾಗಿದ್ದಾಗ ಮುಳುಗುವಷ್ಟೂ ಭಾರವಿಲ್ಲದವು
ಈಗ ಗುಂಪಾಗಿ ಮೆಲ್ಲಗೆ ಇಳಿದವು.
ತಳದಲ್ಲಿ ಚಿಟಿಕೆ ಮಣ್ಣು.
"ತಿಳಿಯಿತಾ ಮಾವ?"
"ತಿಳಿಯಾಯಿತು," ಎಂದು ನೀರು ತೋರಿಸಿದರು.
ಮಾತು ನೀರಿನದೋ ಅವರದೋ, ಕೇಳಲಿಲ್ಲ ನಾನು.
ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಅಂಕಿಯ ಎದುರು
'ಕೈಯಿಂದ' ಎಂದಷ್ಟೇ ಉಂಟು.

ಸಂಜೆ ಫೆರಿಯಲ್ಲಿ ಖಾಲಿ ಕ್ಯಾನು ತಟ್ಟುತ್ತ ಕೂತಿದ್ದರು.
ಘಟ್ಟದಲ್ಲಿ ಮಳೆ ಸುರಿದಿತ್ತು, ಹೊಳೆಯಿಡೀ ಹೆಂಚಿನ ಬಣ್ಣ.
ಆಚೆ ದಡವನ್ನೂ ಈಚೆ ದಡವನ್ನೂ ಒಮ್ಮೆ ಅಳೆದು
ನನ್ನ ಕಡೆ ತಿರುಗಿದರು:
"ಇದಕ್ಕೆ ಎಷ್ಟು ದೊಡ್ಡ ಬಿಲ್ಲೆ ಬೇಕಾದೀತು?"
ಎಂಜಿನ್ನಿನ ಸದ್ದಿಗೆ ಕೇಳಿಸದವಳ ಹಾಗೆ
ನಾನು ಅವರ ಎಡಗಿವಿಯ ಕಡೆ ಏನೋ ಅಂದೆ.