ಹಕಾರ ಬಿದ್ದ ಊರು

ಈ ಊರಿನ ಹೆಸರು ಹಲ್.
ಇಲ್ಲಿಯವರ ಬಾಯಲ್ಲಿ ಮಾತ್ರ ಅಲ್.
ಮೊದಲ ದಿನ ಬಸ್ಸಿನಲ್ಲಿ ಹೆಸಲ್ ರೋಡಿಗೆ ಟಿಕೆಟ್ ಕೇಳಿದೆ;
‘ಎಸಲ್ಲಾ?’ ಅಂದ ಚಾಲಕ.
ಎಸಳು ಎಂದು ಕೇಳಿಸಿ, ಮೀನು ನಾರುವ ಆ ಬೀದಿಯಲ್ಲಿ
ಹೂವೆಲ್ಲಿ ಎಂದು ಹುಡುಕಿದೆ ಒಂದು ಗಳಿಗೆ.

ಹಲ್‌ನಲ್ಲಿ ಹಲ್ಲಿನ ದವಾಖಾನೆ ನನ್ನ ನೌಕರಿ. ನಗಬೇಡಿ,
ಈ ಶ್ಲೇಷೆಗೆ ಇಲ್ಲಿ ನನ್ನ ಬಿಟ್ಟರೆ ಓದುಗರಿಲ್ಲ.
ಪಕ್ಕದ ಕುರ್ಚಿಯ ಡೆನೀಸ್ ರೋಗಿಗಳಿಗೆ ಸಂದೇಶ ಕಳಿಸುತ್ತಾಳೆ.
ಒಂದು ಅಪಾಸ್ಟ್ರಫಿ, ಕತ್ತರಿಸಿದ ಉಗುರಿನಷ್ಟು:
‘ನಿಮ್ಮ ಕಟ್ಟಿಸಿದ ಹಲ್ಲು ಸಿದ್ಧ’ ಎಂದಿರಬೇಕಾದದ್ದು
‘ನೀವೇ ಕಟ್ಟಿಸಿದ ಹಲ್ಲು, ಸಿದ್ಧ’ ಎಂದಾಗಿದೆ.
ವಿಲ್ಫ್ ಅಜ್ಜ ಹೇಳಿದ ಹೊತ್ತಿಗೆ ಬಂದ,
ಬೊಚ್ಚುಬಾಯಿ ಅಗಲಿಸಿ ಕೂತ.
ಅವನಿಗೆಲ್ಲ ತಿಳಿದಿತ್ತು. ರಾತ್ರಿ ನಿದ್ದೆ ಬರದ್ದು ನನಗೆ.

ದೋಷ ಅಪ್ಪನದು. ಧಾರವಾಡದ ಅಚ್ಚಿನಮನೆಯಲ್ಲಿ
ಮೊಳೆ ಜೋಡಿಸುತ್ತಿದ್ದ, ತಿರುವುಮುರುವಾಗಿ.
ಲಗ್ನಪತ್ರಿಕೆ ಬಂದರೆ ವರನ ಹೆಸರಿಗಿಂತ ಮೊದಲು ಅಕ್ಷರ ನೋಡುವನು:
‘ಶುಭದ ಭಕಾರಕ್ಕೆ ಹೊಟ್ಟೆ ಸೀಳಿಲ್ಲ,
ಈ ಮದುವೆ ಬಾಳುವುದಿಲ್ಲ.’
ಬಾಳಿತು. ನಾಲ್ಕು ಮಕ್ಕಳಾದವು.

ನಾನು ಕಟ್ಟಿಕೊಂಡದ್ದು ಮಳವಳ್ಳಿಯ ಜವರಾಜುವನ್ನು.
ಕ್ಯಾರವಾನ್ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ,
ಉಸಿರು ಬೇಕಾದಷ್ಟಿದೆ, ಹಕಾರಕ್ಕೆ ಮಾತ್ರ ಖರ್ಚು ಮಾಡುವುದಿಲ್ಲ.
ಅವನ ಹೂವು ಊವ, ಹಸಿವು ಅಸಿವು,
ಹೆಂಡತಿಯಾದ ನಾನು ಎಂಡ್ತಿ.
ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುತ್ತಾನೆ, ಅದು ಬೇರೆ ಪಾಪ.
ಹೋದ ಮಂಗಳವಾರ: ‘ಬರ್ತಾ ಆಲು ತಕ್ಕಂಡು ಬಾ.’
ಗೊತ್ತಿತ್ತು ನನಗೆ. ಆದರೂ
ಎರಡು ಕಿಲೊ ಆಲೂಗಡ್ಡೆ ತಂದು ಮೇಜಿನ ಮೇಲೆ ಸುರಿದೆ.
ಕಪ್ಪು ಚಹಾ ಕುಡಿದ, ಒಂದು ಮಾತಾಡದೆ.
ಗಡ್ಡೆಯೊಂದು ಉರುಳಿ ಫ್ರಿಜ್ಜಿನ ಕೆಳಗೆ ಹೋಯಿತು;
ಇಬ್ಬರೂ ಬಗ್ಗಲಿಲ್ಲ.

ಆಮೇಲೆ ನೆನಪಾಯಿತು, ಅಪ್ಪನೇ ಹೇಳಿದ್ದು:
ಸಾವಿರ ವರ್ಷದ ಹಿಂದೆ ಹಾಲು ಪಾಲ್, ಹಲ್ಲು ಪಲ್.
ಅಂದರೆ ಯಾರೋ ಒಬ್ಬ ಶಾಸನ ಕೊರೆಯುವವನು
ಮೊದಲ ಸಲ ‘ಹಾಲು’ ಎಂದದ್ದು ಕೇಳಿ
ಉಳಿ ಕೆಳಗಿಟ್ಟು ಪಣೆ ಪಣೆ ಬಡಿದುಕೊಂಡಿರಬೇಕು
(ಅವನಿಗದು ಹಣೆಯಲ್ಲ):
ಕೆಟ್ಟಿತು ಕನ್ನಡ, ಈಗಿನ ಹುಡುಗರಿಂದ.
ನಾನು ಹಗಲಿರುಳು ಕಾಯುತ್ತಿರುವುದು
ಅವನ ಕಾಲದ ತಪ್ಪನ್ನು.

ಇಂದು ಮಧ್ಯಾಹ್ನ ಫೋನು ಮಿನುಗಿತು.
ಹೆದರಿಯೋ, ರಾಜಿಗೋ,
ಸಿಕ್ಕಲ್ಲೆಲ್ಲ ಹಕಾರ ತುರುಕಿದ್ದಾನೆ:
‘ಹೂಟ ಹಾಯ್ತಾ?’
ತಿದ್ದಲು ಬೆರಳೆತ್ತಿದೆ. ಒಳಕೋಣೆಯಲ್ಲಿ ವಿಲ್ಫ್ ಅಜ್ಜ
ಹೊಸ ಹಲ್ಲು ತೊಟ್ಟು ಮಾತು ಪರೀಕ್ಷಿಸುತ್ತಿದ್ದ:
ಅಲ್, ಅಲ್, ಅಲ್. ಮೂವತ್ತೆರಡು ಹಲ್ಲಿದ್ದೂ.

ಬರೆದೆ: ‘ಹಾಯ್ತು. ನಿಂದು?’

ಡೆನೀಸಳ ಅಪಾಸ್ಟ್ರಫಿ ಮಾತ್ರ ಅಳಿಸಿದೆ.
ಯಾರೂ ಹೇಳಿರಲಿಲ್ಲ.