ತಿರುಗುವುದು

ಮೊದಲು ಆ ಕೈಗವಸು ಕಳಚಿಡು, ವಿಟ್ಟುಸ್.
ಗೊತ್ತು, ಚಳಿ. ಕಿಟಕಿಯಾಚೆ ಕೊಲ್ಲಿಗೆ ಕೊಲ್ಲಿಯೇ ಹೆಪ್ಪುಗಟ್ಟಿದೆ,
ನಾಯಿಗಳು ಬಾಲದಲ್ಲಿ ಮೂಗು ಹುದುಗಿಸಿ ಮಲಗಿವೆ.
ಫೆಬ್ರವರಿಯ ತಾಸಿಲಾಕಿನಲ್ಲಿ ಬರಿಗೈ ಮಾಡು ಅನ್ನುವುದು
ಬೈಗುಳವೇ ಸರಿ.
ಆದರೂ ಕಳಚು.
ಉಣ್ಣೆಯ ಒಂದೆಳೆ ಸಾಕು ಇದಕ್ಕೆ,
ಎಳೆ ಹಿಡಿದು ಬೆರಳಿನ ತನಕ ಬರುತ್ತದೆ.
ನನ್ನ ಕಿರುಬೆರಳಿನ ಕಥೆ ಕೇಳಬೇಡ.

ನೋಡು, ಎಷ್ಟು ಸಣ್ಣದು.
ಪೆನ್ನಿನ ಹಾಗೆ ಬೆರಳ ಸಂದಿಯಲ್ಲಿ ಕೂರುತ್ತದೆ.
ಅದೇ ಮೋಸ.
ಗರಗಸ ಕಂಡರೆ ಕೈ ತಾನೇ ಹಿಂಜರಿಯುತ್ತದೆ,
ಇದನ್ನು ಕಂಡರೆ ಮುದ್ದು ಬರುತ್ತದೆ.
ನೀನೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ
ನೂರು ಸುತ್ತು ಮುಗಿಸಿ ನಿನ್ನನ್ನೇ ನೋಡುತ್ತಿರುತ್ತದೆ.

ನನ್ನ ತಮ್ಮ ಗಿಡಿಯೋನ್,
ಹಡಗಿನ ಪ್ರವಾಸಿಗರು ಬರುವ ಹಿಂದಿನ ದಿನ
ತಿಮಿಂಗಿಲದ ಹಲ್ಲು ಕೊಯ್ಯಲು ಕೂತ.
ಉಸಿರಿನ ಮಂಜು ಕಟ್ಟಿತೆಂದು ಕನ್ನಡಕ ಹಣೆಗೇರಿಸಿದ.
ಹಪ್ಪಳದಷ್ಟು ತೆಳುವಾದ ಬಿಲ್ಲೆ,
ಒಂಚೂರು ವಾರೆಯಾಗಿ ಒತ್ತಿದ, ಅಷ್ಟೇ.
ಚೂರು ಒಂದು ಗೋಡೆಯಲ್ಲಿ ಸಿಕ್ಕಿತು.
ಇನ್ನೊಂದನ್ನು ಹುಡುಕಬೇಕಾಗಲಿಲ್ಲ.
ಕನ್ನಡಕ ಮಾತ್ರ ಹಣೆಯ ಮೇಲೆ ಹಾಗೇ ಇತ್ತು,
ಒಂದು ಗೀರೂ ಇಲ್ಲದೆ.

ಅಜ್ಜ ಹೇಳುತ್ತಿದ್ದ:
ತುಪಿಲಾಕ್ ಅಂದರೆ ಆಗ ಮಾರುವ ಗೊಂಬೆಯಲ್ಲ.
ಮೂಳೆ, ಕೂದಲು, ಸೀಲಿನ ತೊಗಲು ಕೂಡಿಸಿ
ಯಾರೂ ಕಾಣದಂತೆ ಕಟ್ಟಿ, ಉಸಿರು ಹಾಡಿ,
ಹಗೆಯ ಮೇಲೆ ನೀರಿಗೆ ಬಿಡುತ್ತಿದ್ದರಂತೆ.
ಹಗೆ ಹೆಚ್ಚು ಬಲ್ಲವನಾದರೆ
ಅದು ತಿರುಗಿ ಮಾಡಿದವನ ಮನೆಗೇ ಬರುತ್ತಿತ್ತಂತೆ.
ಈಗ ಅಂಗೈಯಗಲ ಕೆತ್ತಿ, ಬೆಲೆಚೀಟಿ ಅಂಟಿಸಿ ಮಾರುತ್ತೇವೆ,
ಹಲ್ಲು ಕಿಸಿದರೂ ಯಾರನ್ನೂ ಕಚ್ಚದು.
ಆದರೆ ಆ ತಿರುಗಿಬೀಳುವ ಚಟ ಎಲ್ಲಿ ಹೋಗಬೇಕು ಹೇಳು?
ಗೊಂಬೆಯಿಂದ ಇಳಿದು
ಈ ವೈರಿನ ತುದಿಯಲ್ಲಿ ತಿರುಗುತ್ತಾ ಕೂತಿದೆ.

ಬಟ್ಟೆ ಕಟ್ಟಿಕೊಳ್ಳಬೇಡ, ಮೊಳೆಗೆ ಸಿಕ್ಕಿಸಿರುವ ಮುಖವಾಡ ಹಾಕಿಕೋ.
ಕೊಂಬಿನ ಪುಡಿ ಹಿಟ್ಟಿನ ಹಾಗೆ ನುಣುಪು,
ಸುಟ್ಟ ಕೂದಲಿನ ವಾಸನೆ.
ಮೂವತ್ತು ವರ್ಷ ಬಾಯಲ್ಲಿ ಊದಿ ಊದಿ ತೆಗೆದೆ,
ಊದಿದ್ದು ಹೊರಗೆ,
ಎಳೆದದ್ದು ಒಳಗೆ.
ನೂಕ್‌ನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು
ನನ್ನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು
ದಿನಕ್ಕೆ ಎಷ್ಟು ಸಿಗರೇಟು ಸಾಲೊಮಿನೆ, ಎಂದರು.
ಒಂದೂ ಇಲ್ಲ, ಎಂದೆ.
ನಂಬಲಿಲ್ಲ.
ಚಿತ್ರದ ತುಂಬ ಹಿಮ ಬಿದ್ದಿತ್ತು.

ಬೆರಳು ಹೋದರೆ ಊರೇ ನೋಡಲು ಬರುತ್ತದೆ, ಮೀನು ತರುತ್ತದೆ.
ಉಸಿರು ಹೋಗುವುದನ್ನು ನೋಡಲು
ನಾನೊಬ್ಬಳೇ ರಾತ್ರಿ ಎದ್ದು ಕೂರುತ್ತೇನೆ.

ಇರಲಿ. ತಗೋ, ಈ ಕಾಫಿ ಲೋಟ.
ಕುಡಿಯಬೇಡ, ಸುಮ್ಮನೆ ಹಿಡಿದುಕೋ.
ಬೆರಳಿಗೆ ತಾನು ಬೆರಳೆಂದು ನೆನಪಾಗಲಿ,
ಆಮೇಲೆ ಸ್ವಿಚ್ಚು.

ಮುಳ್ಳು ಬಿಗಿ ಮಾಡಿದೆಯಾ?
ಚಾವಿ ತೆಗೆದೆಯಾ?
ತೆಗೆದೆ ಅನ್ನಬೇಡ, ನೋಡಿ ಹೇಳು.
ನೋಡು,
ಇನ್ನೂ ಅದರ ಕುತ್ತಿಗೆಯಲ್ಲೇ ಇದೆ.